ಭಾವನಿಗೆ ಹೇಳಿಕೊಟ್ಟ ಪಾಠ

ತಮ್ಮನಿಗೆ,

ಕ್ಷೇಮ ಸಮಾಚಾರ ಕೇಳುವ ಮನಸ್ಸಿಲ್ಲ. ನಿನ್ನ ಮೇಸ್ತ್ರಿ ನಿನ್ನೆ ಹಣ್ಣು ಹಿಡಿದುಕೊಂಡು ಮನೆಗೆ ಬಂದಿದ್ದ. ಸೋಮವಾರ ನಿನ್ನ ಕಟ್ಟಡದ ಹೊಸ ಕೆಲಸಗಾರರಿಗೆ ಸುರಕ್ಷತೆಯ ತರಬೇತಿಯಂತೆ. ಅಲ್ಲಿ ನಿನ್ನ ಭಾವ ಊರುಗೋಲು ಹಿಡಿದು ನಿಂತು, ಗೋಡೆಯ ಮೇಲಿಂದ ಬಿದ್ದದ್ದು ತನ್ನ ಅಜಾಗರೂಕತೆಯಿಂದ ಎಂದು ಹೇಳಬೇಕಂತೆ. ಹಾಸಿಗೆಯ ಪಕ್ಕ ಕೂತು ಪಾಠವನ್ನೂ ಹೇಳಿಕೊಟ್ಟ.

“ಅಣ್ಣಾ, ‘ಸೇಫ್ಟಿ ಬೆಲ್ಟ್ ಸಿಕ್ಕಿಸ್ಕೊಳ್ದೆ ಇದ್ದದ್ದು ನನ್ನದೇ ತಪ್ಪು’ ಅಂತ ಸ್ವಲ್ಪ ಗಟ್ಟಿಯಾಗಿ ಹೇಳಿ. ಹಿಂದೆ ಕೂತವರಿಗೂ ಕೇಳ್ಬೇಕು.”

“ಬಿದ್ದಾಗ ಅಷ್ಟು ಕಿರುಚಿದೆ, ಯಾರಿಗೂ ಕೇಳ್ಲಿಲ್ಲ. ಈಗ ಮೈಕೇ ಕೊಡ್ತೀರಲ್ಲಪ್ಪ,” ಎಂದು ಇವರು ನಕ್ಕರು. ನನಗೆ ನಗು ಬರಲಿಲ್ಲ.

ಬೆಲ್ಟ್ ಇವರ ಸೊಂಟದಲ್ಲೇ ಇತ್ತು. ಅದನ್ನು ಸಿಕ್ಕಿಸುವ ಹಗ್ಗವನ್ನು ಹಿಂದಿನ ದಿನ ಬಿಚ್ಚಿಸಿ ಇನ್ನೊಂದು ಕಟ್ಟಡಕ್ಕೆ ಸಾಗಿಸಿದವನು ನೀನು. “ಅರ್ಧ ದಿನದ ಗಾರೆ ಕೆಲಸ ಭಾವ, ಹುಷಾರಾಗಿ ಮುಗಿಸಿಬಿಡಿ,” ಎಂದವನೂ ನೀನೇ. ಮನೆಯವನ ಮಾತೆಂದು ಇವರು ಹತ್ತಿದರು. ನನ್ನ ಪಾಲಿಗೆ ತವರೆಂದರೆ ನೀನೊಬ್ಬನೇ ಎಂದು ಇದನ್ನೆಲ್ಲ ನುಂಗಿಕೊಂಡಿದ್ದೆ. ಆದರೆ ಆ ಹಗ್ಗ ಇನ್ನೂ ವಾಪಸ್ ಬಂದಿಲ್ಲವೆಂದು ಮೇಸ್ತ್ರಿಯೇ ಬಾಯಿಬಿಟ್ಟ. ತರಬೇತಿ ಮುಗಿಸಿ ಆ ಹೊಸಬರು ಹತ್ತುವುದು ಅದೇ ಗೋಡೆಗೆ.

ಆದ್ದರಿಂದ ಇವರು ಬರುತ್ತಾರೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತಾರೆ. ಗಾಡಿ ಕಳಿಸಬೇಡ. ಒಂದು ಕುರ್ಚಿ ಹಾಕಿಸು, ಬಹಳ ಹೊತ್ತು ನಿಲ್ಲಲು ಇವರಿಂದ ಆಗುವುದಿಲ್ಲ. ಮಾತಿನ ನಡುವೆ ಮೈಕ್ ಕಿತ್ತುಕೊಳ್ಳುವ ಯೋಚನೆಯಿದ್ದರೆ ಮೇಸ್ತ್ರಿಯನ್ನು ಮುಂದೆ ಬಿಡಬೇಡ, ನೀನೇ ಬಾ. ನಾನು ಪಕ್ಕದಲ್ಲೇ ನಿಂತಿರುತ್ತೇನೆ.

ನಿನ್ನ ಅಕ್ಕ