ನೆಲದ ಮೇಲಿನ ಪಾತ್ರೆ

ಜೂನ್ 9, ಬೆಳಿಗ್ಗೆ 11, ಮೈಸೂರು ಆಸ್ಪತ್ರೆ
ಆರನೇ ಡ್ರೆಸ್ಸಿಂಗ್ ಆಯ್ತು. ಕವನ ಕಿರುಚಿ ಕಿರುಚಿ ಈಗ ಮಲಗವ್ಳೆ. ಎರಡೂವರೆ ವರ್ಷದ ಮಗು, ಬಲಗೈ ಪೂರ್ತಿ ಬ್ಯಾಂಡೇಜು. ಸಿಸ್ಟರ್ ಮತ್ತೆ ಅದೇ ಪಾಠ — ಸ್ಟೌವ್ ನೆಲದ ಮೇಲಿಡ್ಬೇಡಿ. ಅಯ್ಯೋ, ನಮ್ ಸ್ಟೌವ್ ಕಟ್ಟೆ ಮೇಲೇ ಇರೋದು! ಮುದ್ದೆಗೆ ರಾಗಿ ಹಿಟ್ಟು ತಿರುವೋಕೆ ಮಾತ್ರ ನಮ್ಮತ್ತೆ ಪಾತ್ರೆ ಕೆಳಗಿಳಿಸ್ತಾರೆ. ಪಾತ್ರೆ ಅಲ್ಲಾಡ್ದಂಗೆ ಕವೆಗೋಲು ಅಡ್ಡ ಕೊಟ್ಟು, ಅದನ್ನ ಕಾಲಲ್ಲಿ ಮೆಟ್ಕೊಂಡು, ಕೂತು ತಿರುವೋದು. ಊರೆಲ್ಲ ಹಂಗೇ. ಅವತ್ತು ಇವಳು ಅಜ್ಜೀ ಅಂತ ಓಡ್ಬಂದು ಮುಗ್ಗರಿಸಿದ್ಳು. ಕೈ ಸೀದಾ ಪಾತ್ರೆಗೆ... ಆಮೇಲೆ ಅತ್ತೆ ತಣ್ಣೀರು ಬಿಡೋದ್ ಬಿಟ್ಟು ಟೂತ್‌ಪೇಸ್ಟ್ ಬಳಿದವ್ರೆ.

ಜೂನ್ 12
ಪಕ್ಕದ್ಮನೆ ಪುಟ್ಟಬಸಮ್ಮ ನೋಡೋಕೆ ಬಂದಿದ್ರು. "ಗಾರ್ಮೆಂಟ್ಸ್‌ಗೆ ಓಗ್ದೆ ಮನೇಲಿದ್ದಿದ್ರೆ ಇಂಗಾಯ್ತಿತ್ತಾ ವನಿತಾ?"
"ಮನೇಲಿದ್ದಿದ್ರೆ ನಾನೂ ಕೆಳಗೇ ಕೂತು ತಿರುವ್ತಿದ್ದೆ. ಆಗ ಯಾರನ್ನ ಬೈತಿದ್ರಿ?"
ಬಿಸ್ಕೆಟ್ ಪ್ಯಾಕೆಟ್ ಇಟ್ಟು ಹೊರಟೋದ್ರು. ಹೋಗ್ಲಿ.

ಜೂನ್ 27, ಮುಡುಕುತೊರೆ
ಡಿಸ್ಚಾರ್ಜ್. ಕಳಲೆಗೆ, ಅತ್ತೆ ಮನೆಗೆ ಹೋಗ್ಲಿಲ್ಲ, ಸೀದಾ ತೌರಿಗೆ ಬಂದೆ. ಇವ್ರಿಗೆ ಹೇಳ್ಬಿಟ್ಟೆ — ನೆಲದ ಮೇಲೆ ಹಿಟ್ಟು ತಿರುವೋದು ನಿಲ್ಲೋವರ್ಗೂ ನನ್ ಮಗಳು ಆ ಮನೆ ಹೊಸ್ತಿಲು ತುಳಿಯಲ್ಲ.
"ಅವ್ವಂಗೆ ಎಂಗೆ ಯೋಳ್ಲಿ?"
"ಬಾಯಲ್ಲಿ."

ಜುಲೈ 20, ಕಳಲೆ
ಇವ್ರು ಮಾತು ಕೊಟ್ಟು ಕರ್ಕೊಂಡ್ ಬಂದ್ರು. ಕಟ್ಟೆ ಮೇಲೇ ಪಾತ್ರೆ ಇಟ್ಟು ನಿಂತು ತಿರುವಿದೆ. ರಟ್ಟೆ ಬಿದ್ದೋಯ್ತು. ಹಿಟ್ಟೆಲ್ಲ ಗಂಟು. ಅತ್ತೆ ತಟ್ಟೆ ತಳ್ಳಿದ್ರು. "ನಾಯೀನೂ ಮೂಸಲ್ಲ ಇದ್ನ."
"ನಾಯಿಗೆ ಮಾಡಿಲ್ಲ ಅತ್ತೆ, ನಿಮ್ಗೇ ಮಾಡಿದ್ದು."
ನಾನೇ ಎರಡು ಮುದ್ದೆ ನುಂಗಿದೆ. ಹಟಕ್ಕೆ.

ಜುಲೈ 24, ಸಂಜೆ 4
ಮಧ್ಯಾಹ್ನ ಬಟ್ಟೆ ಒಣಗಾಕಿ ಒಳಗ್ ಬಂದ್ರೆ — ಪಾತ್ರೆ ನೆಲದ ಮೇಲೆ! ಅತ್ತೆ ಕವೆಗೋಲು ಮೆಟ್ಕೊಂಡು ಕೂತವ್ರೆ. ಮೈಯೆಲ್ಲ ಉರಿದೋಯ್ತು. ಬಾಯಿ ತೆಗೆಯೋ ಅಷ್ಟ್ರಲ್ಲಿ ಕವನ ಬಾಗಿಲಿಗೆ ಬಂದ್ಳು. ಪಾತ್ರೆ ನೋಡಿದ್ಳು. ಅಳ್ಲಿಲ್ಲ. ಬಲಗೈನ ಬೆನ್ನ ಹಿಂದೆ ಬಚ್ಚಿಟ್ಕೊಂಡ್ಳು.
"ಅಜ್ಜಿ, ಕೈ ಇಲ್ಲ."
ಅತ್ತೆ ಅವಳನ್ನೇ ನೋಡ್ತಾ ಕೂತ್ಬಿಟ್ರು. ಆಮೇಲೆ ಎದ್ದು ಪಾತ್ರೆ ಎತ್ತಿ ಕಟ್ಟೆ ಮೇಲಿಟ್ರು. ಎಟುಕಲ್ಲ ಅವ್ರಿಗೆ, ಮಣೆ ಎಳ್ಕೊಂಡು ಹತ್ತಿದ್ರು.
"ಇಕ್ಕಳ ಇಡ್ಕೊಳ್ಳೇ."
ಪಾತ್ರೆ ಜಾರ್ದಂಗೆ ಹಿಡ್ಕೊಂಡೆ. "ನಾನಿನ್ನೂ ನಿಮ್ಮನ್ನ ಕ್ಷಮಿಸಿಲ್ಲ ಅತ್ತೆ" ಅಂತಾನೂ ಹೇಳ್ದೆ.
"ಕ್ಸಮಿಸ್ಬ್ಯಾಡ. ಗಟ್ಟಿಯಾಗಿ ಇಡ್ಕೋ."
ಅವ್ರ ಕಣ್ಣೀರು ಕೆನ್ನೆ ಮೇಲೇ ಇತ್ತು, ಒರೆಸ್ಕೊಳ್ಲಿಲ್ಲ.
ಉಂಡು ಮಲಗಿದ್ದ ಕವನ ಈಗ ಎದ್ದವ್ಳೆ. ಬೆರಳು ಬಿಡಿಸೋ ಎಕ್ಸರ್‌ಸೈಜ್ ಟೈಮು. ದಿನಾ ನಾನೊಬ್ಳೇ ಮಾಡಿಸ್ತೀನಿ, ಆ ಹೊತ್ಗೆ ಅತ್ತೆ ಹಿತ್ತಲಿಗೆ ಹೋಗ್ಬಿಡ್ತಾರೆ. ಇವತ್ತು ಬಿಡಲ್ಲ. ಅವ್ರ ಕೈಲೇ ಮಾಡಿಸ್ತೀನಿ. ಮಗು ಅಳೋದನ್ನ ಅವ್ರೂ ಕೂತು ನೋಡ್ಲಿ.