ಘಾಟಿ ಹತ್ತಿದವಳು ನಾನೇ

ಹಂಪಿ,
ಜನವರಿ 19, ಭಾನುವಾರ ಮಧ್ಯಾಹ್ನ

ಸಿಟ್ಟಿನಲ್ಲಿ ಕುಳಿತಿರುವ ನನ್ನ ಅವ್ವನಿಗೆ, ನಿನ್ನಷ್ಟೇ ಸಿಟ್ಟಿರುವ ಮಗಳ ನಮಸ್ಕಾರಗಳು.

ಬೆಳಿಗ್ಗೆ ಫೋನಿನಲ್ಲಿ ಅಳುತ್ತ ಬೈದು, ನಾನು ಬಾಯಿ ತೆರೆಯುವಷ್ಟರಲ್ಲಿ ಇಟ್ಟುಬಿಟ್ಟೆ ನೀನು. ಕಾಗದವಾದರೆ ನಡುವೆ ಬಾಯಿ ಹಾಕಲು ಬರುವುದಿಲ್ಲ, ಪೂರ್ತಿ ಓದಲೇಬೇಕು. ಗುಡಿ ಮುಂದಿನ ಬಜಾರಿನಲ್ಲಿ, ಒಂದು ಕಲ್ಲುಮಂಟಪದ ನೆರಳಿಗೆ ಕೂತು ಬರೆಯುತ್ತಿದ್ದೇನೆ. ನಮ್ಮ ಸೈಕಲ್ ಗುಂಪಿನ ಸಾಮಾನಿನ ಟೆಂಪೋ ಓಡಿಸುವ ಹೊನ್ನೂರಪ್ಪ ಕಾಕಾ ನಾಳೆಯ ಊಟದ ವ್ಯವಸ್ಥೆಗೆಂದು ನಮ್ಮೂರು ಕಂಪ್ಲಿಗೇ ಹೊರಟಿದ್ದಾನೆ, ಅವನ ಕೈಯಲ್ಲೇ ಕಳಿಸುತ್ತೇನೆ.

ನೀನು ಹೇಳಿದ್ದು ಇಷ್ಟು: "ಅದೇನ್ ಬ್ಲಾಗೋ ಗೀಗೋ, ಲಿಂಗರಾಜನ ಬಗ್ಗೆ ಬರ್ದಿದ್ದು ಇವತ್ತ ಅಳಿಸಿಬಿಡು. ಇಲ್ಲಾಂದ್ರ ನಿಮ್ಮ ಮಾವ ಮದುವಿ ಮುರಿತಾನಂತ." ಅವ್ವಾ, ಅಳಿಸುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಕೊನೆಯವರೆಗೆ ಕಾಯಿಸುವುದಿಲ್ಲ.

ಗುಂಪಿಗೆ ಕ್ಯಾಪ್ಟನ್, ನಿನಗೆ ಅಣ್ಣನ ಮಗ, ನನಗೆ ನಿಶ್ಚಯವಾದ ಗಂಡು, ಮೂರೂ ಲಿಂಗರಾಜನೇ ಆಗಿರುವುದೇ ತಾಪತ್ರಯ. ಹರಿಹರದಿಂದ ಮಂತ್ರಾಲಯಕ್ಕೆ ಸೈಕಲ್ ಮೇಲೆ ಹೊರಟಾಗಲೇ, ದಿನಾ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆಂದು ಎಲ್ಲರಿಗೂ ಹೇಳಿದ್ದೆ. "ಮಸ್ತ್ ಐತಿ, ಬರಿ" ಅಂದವನು ಅವನೇ. ಬರೆದೆ. ಸೀಟಿನ ಮೇಲೆ ಕೂತು ಕೂತು ತೊಡೆ ತರಚಿ ಹುಣ್ಣಾದದ್ದು, ಸಂಡೂರಿನ ಘಾಟಿಯಲ್ಲಿ ಉಸಿರು ಸಿಗದೆ ರಸ್ತೆ ಬದಿ ಕೂತು ಅತ್ತದ್ದು, ಜೊತೆಗಿರುವ ಗಾಯತ್ರಿ ದುಪಟ್ಟಾ ಅಡ್ಡ ಹಿಡಿದಾಗ ನಿಂತ ಲಾರಿಯ ಹಿಂದೆ ಉಚ್ಚೆ ಹೊಯ್ದದ್ದು, ಎಲ್ಲಾ ಬರೆದೆ. ಮಾವ ಅದನ್ನು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ನನ್ನ ಮಾನದ ಚಿಂತೆ ಯಾರಿಗೂ ಬರಲಿಲ್ಲ.

ಈಗ ಮಾವ ನಿನಗೆ ಹೇಳದೆ ನುಂಗಿಕೊಂಡದ್ದು ಕೇಳು. ಘಾಟಿಯ ನಡುವೆ ಟೆಂಪೋ ನಮ್ಮನ್ನು ದಾಟಿತು. ಮುಂದಿನ ಸೀಟಿನಲ್ಲಿ ಲಿಂಗರಾಜ, ಹಿಂದೆ ಅವನ ಸೈಕಲ್ಲು. ಮಂಡಿ ನೋವಂತೆ. ಇರಲಿ, ನೋವು ಯಾರಿಗಿಲ್ಲ, ಅಷ್ಟೇ ಆಗಿದ್ದರೆ ನಾನು ಒಂದಕ್ಷರ ಬರೆಯುತ್ತಿರಲಿಲ್ಲ. ಸಂಡೂರು ಹತ್ತಿರ ಬಂದಾಗ ನೋಡುತ್ತೇನೆ, ತಿರುವಿನಲ್ಲಿ ಸೈಕಲ್ ಇಳಿಸಿಕೊಂಡು ನಿಂತು, ಅದಿರಿನ ಕೆಂಪು ಧೂಳನ್ನು ಬೊಗಸೆಯಲ್ಲಿ ಎತ್ತಿ ಅಂಗಿಗೆ, ಕೆನ್ನೆಗೆ ತಿಕ್ಕಿಕೊಳ್ಳುತ್ತಿದ್ದಾನೆ! ನಮ್ಮನ್ನು ಕಂಡು ನಾಚಿಕೆಯನ್ನೂ ಪಡಲಿಲ್ಲ. "ಪಂಪಿ, ಒಂದ್ ಫೋಟೋ ಹೊಡಿ, ಊರಿನ ಬೋರ್ಡ್ ಕಾಣಂಗ" ಅಂದ. ಹೊಡೆದೆ.

ಅದಕ್ಕೂ ಸುಮ್ಮನಿದ್ದೆ. ಸಂಡೂರಿನಲ್ಲಿ ಹಾರ ಹಾಕಿ ಸ್ವಾಗತ ಮಾಡಿದರು. ಒಬ್ಬ ಹಿರಿಯರು, "ಹೆಣ್ಮಕ್ಕಳೂ ಘಾಟಿ ಹತ್ತಿದ್ರೇನ್ರಿ?" ಎಂದು ಕೇಳಿದರು. ಮೈಕ್ ಹಿಡಿದಿದ್ದ ಲಿಂಗರಾಜ ನಕ್ಕು, "ಅವ್ರಿಗೆ ಟೆಂಪೋ ಇತ್ತಲ್ರಿ" ಅಂದ. ಜನ ಚಪ್ಪಾಳೆ ತಟ್ಟಿದರು. ನನ್ನ ಕಾಲು ಇನ್ನೂ ನಡುಗುತ್ತಿತ್ತು, ಅವ್ವಾ. ಅವತ್ತೇ ಫೋಟೋ ಹಾಕಿ ಬರೆದೆ. ಒಂದು ಬೈಗುಳವೂ ಇಲ್ಲ, ನಡೆದದ್ದಷ್ಟೇ. ಸಂಡೂರಿನವರೇ ಯಾರೋ ಕೆಳಗೆ ಬರೆದಿದ್ದಾರೆ: "ಬೆವರಿಲ್ಲದ ಮಾರಿಗೆ ನಮ್ಮೂರ ಧೂಳು ಹತ್ತಂಗಿಲ್ರಿ. ಅಂಗಿ ನೋಡಿದ್ರ ಕೆಂಪು, ಮಾರಿ ನೋಡಿದ್ರ ಈಗ ತೊಳದಂಗೈತಿ." ಎಲ್ಲರೂ ನಗುತ್ತಿರುವುದು ಅದಕ್ಕೆ.

ನಿನ್ನ ಕಷ್ಟ ನನಗೆ ಗೊತ್ತಿಲ್ಲವೆಂದಲ್ಲ. ಅಪ್ಪ ಹೋದಮೇಲೆ ನಮಗೆ ಆಸರೆಯಾದವರು ನಿನ್ನಣ್ಣ ಕೊಟ್ರಯ್ಯ ಮಾವನೇ. ಅವರ ಮನೆಗೆ ನನ್ನನ್ನು ಕೊಟ್ಟರೆ ತವರಿನ ನಂಟು ಉಳಿಯುತ್ತದೆಂಬ ಆಸೆ ನಿನ್ನದು. "ಮದುವಿ ಆಗ್ಲಿ, ಆಮ್ಯಾಲ ಏನ್ ಬೇಕಾದ್ರ ಬರ್ಕೋ" ಅಂದೆಯಲ್ಲ, ಆಮೇಲೆ ಏನನ್ನು ಬರೆಯಲಿ? ನಾನು ಹತ್ತಿದ ಘಾಟಿಯನ್ನು ಅಷ್ಟು ಜನರ ಮುಂದೆ ಕಸಿದುಕೊಂಡವನು, ನಾಳೆ ನಾನು ದುಡಿದದ್ದನ್ನು ಬಿಡುತ್ತಾನೆಯೇ? ನನಗೆ ಅವನು ಇಷ್ಟವಿದ್ದ, ಅವ್ವಾ, ಸುಳ್ಳು ಹೇಳುವುದಿಲ್ಲ. ಅದಕ್ಕೇ ಇಷ್ಟು ಉರಿಯುತ್ತಿದೆ.

ಅಳಿಸದಿದ್ದರೆ ಗುಂಪಿನಿಂದ ತೆಗೆಯುತ್ತೇನೆ ಎಂದಿದ್ದಾನೆ ಕ್ಯಾಪ್ಟನ್. ತೆಗೆಯಲಿ. ರಸ್ತೆಯನ್ನೇನು ಅವನು ತನ್ನ ಹೆಸರಿಗೆ ಬರೆಸಿಕೊಂಡಿಲ್ಲ. ಗಾಯತ್ರಿಯೂ ನನ್ನ ಜೊತೆಗೇ ಬರುತ್ತಾಳೆ, ಹಿಂದೆ ಟೆಂಪೋ ಇರುವುದಿಲ್ಲ ಅಷ್ಟೇ. ನಾಳೆ ಬುಕ್ಕಸಾಗರ ಊರು ಹಾದು ಕಂಪ್ಲಿಗೆ ಬರುತ್ತೇವೆ. ನೀನು ಬಾಗಿಲು ತೆರೆದರೆ ರೊಟ್ಟಿ ತಿಂದು ಹೋಗುತ್ತೇವೆ. ತೆರೆಯದಿದ್ದರೆ ಕಟ್ಟೆಯ ಮೇಲೆ ಕೂತು ನೀರು ಕುಡಿದು ಹೋಗುತ್ತೇವೆ. ಆದರೆ ತೆರೆ.

ನಿನ್ನ ಹಟಮಾರಿ,
ಪಂಪಾವತಿ

ತಾ.ಕ.: ಕಾಗದ ಬರೆದದ್ದು ಯಾಕೆಂದು ಮೇಲೆ ಹೇಳಿದ್ದು ಅರ್ಧ ಮಾತ್ರ ನಿಜ. ಕವರಿನ ಮೂಲೆ ಮುಟ್ಟಿ ನೋಡು. ನಿಶ್ಚಿತಾರ್ಥದ ಉಂಗುರ. ಹ್ಯಾಂಡಲ್ ಹಿಡಿದು ಹಿಡಿದು ಬೆರಳು ಊದಿತ್ತು, ಸೋಪು ಹಚ್ಚಿ ತಿರುವಿ ತೆಗೆದೆ. ಮಾವ ಮದುವೆ ಮುರಿಯುತ್ತಾರೆಂದು ಹೆದರಬೇಡ. ಇದನ್ನು ಅವರ ಕೈಗೆ ಕೊಟ್ಟು, ಮುರಿದವಳು ನನ್ನ ಮಗಳು ಎಂದು ಹೇಳು. ಇದನ್ನೂ ತಾವೇ ಮಾಡಿದ್ದೆಂದು ಅಪ್ಪ ಮಗ ಹೇಳಿಕೊಂಡು ತಿರುಗುವುದು ಬೇಡ.