ದಾರದ ಇನ್ನೊಂದು ತುದಿ

ಅಪ್ಪನಿಗೆ ನಮಸ್ಕಾರ.

ನಾನು ಕ್ಷೇಮ. ಈ ದೇಶಕ್ಕೆ ಬಂದ ಮೇಲೆ ಮೊದಲ ಸಲ ನನಗೊಬ್ಬಳಿಗೇ ಇಡೀ ಗ್ಯಾಲರಿ ಕೊಟ್ಟಿದ್ದಾರೆ. ಚಿತ್ರ, ಹೊಲಿಗೆ, ವಿಡಿಯೊ ಮೂರೂ ಇವೆ. "ಒಂದನ್ನಾದರೂ ನೆಟ್ಟಗೆ ಕಲಿ" ಎಂದು ನೀವು ಬೈಯುತ್ತಿದ್ದದ್ದು ನೆನಪಿದೆ.

ಇಲ್ಲಿನ ದೊಡ್ಡ ಗೋಡೆಯ ಮೇಲೆ, ನೀವು ಬರೆಯುತ್ತಿದ್ದ ಅಂಗಡಿ ಬೋರ್ಡುಗಳ ಅಕ್ಷರಗಳನ್ನು ಬರೆದು, ಅಕ್ಷರ ನೇರವಾಗಿ ಬರಲೆಂದು ಮೊದಲು ಹಾಕಿದ ಸೀಮೆಸುಣ್ಣದ ಗೆರೆಗಳನ್ನು ಬೇಕೆಂದೇ ಉಳಿಸಿದ್ದೆ. ನಿನ್ನೆ ಗ್ಯಾಲರಿ ಗುಡಿಸುವ ಮುದುಕ ಒದ್ದೆ ಬಟ್ಟೆಯಿಂದ ಆ ಗೆರೆಗಳಷ್ಟನ್ನೂ ಒರೆಸಿಬಿಟ್ಟ. "ಒರೆಸೋದು ಮರೆತುಬಿಟ್ಟಿದ್ಯಲ್ಲಮ್ಮ, ನಾನೇ ಕ್ಲೀನ್ ಮಾಡ್ದೆ" ಎಂದ, ಅವನ ಭಾಷೆಯಲ್ಲಿ. ಅವನನ್ನು ಹೇಗೆ ಬೈಯಲಿ? "ಗೆರೆ ಕಂಡ್ರೆ ಮಾನ ಹೋಗುತ್ತೆ, ಒರೆಸೇ" ಎನ್ನುತ್ತಿದ್ದವರು ನೀವೇ ತಾನೇ.

ಗೆರೆ ಮತ್ತೆ ಹಾಕಬೇಕು. ಇಲ್ಲಿಯವರು ಲೇಸರ್ ಯಂತ್ರ ತಂದುಕೊಟ್ಟರು. ಅದರ ಗೆರೆ ಬರೀ ಬೆಳಕು, ಗೋಡೆಯ ಮೇಲೆ ಪುಡಿ ಉಳಿಯುವುದಿಲ್ಲ. ಪುಡಿಯ ಗೆರೆ ಬೀಳಬೇಕಾದರೆ ಸೀಮೆಸುಣ್ಣ ಹಚ್ಚಿದ ದಾರವನ್ನೇ ಗೋಡೆಗೆ ಬಿಗಿಯಾಗಿ ಎಳೆದು ಮೀಟಬೇಕು. ಅದಕ್ಕೆ ಇಬ್ಬರು ಬೇಕು.

ಕೈ ನಡುಗುತ್ತದೆಂದು ನೀವು ಕುಂಚ ಕೆಳಗಿಟ್ಟಿರೆಂದು ತಮ್ಮ ಹೇಳಿದ. ಈಗ ಬೀದಿಗೂ ಇಳಿಯುವುದಿಲ್ಲವಂತೆ. ನೀವು ಇಲ್ಲಿಗೆ ಬರಲು ವಿಮಾನದ ಟಿಕೆಟ್ ಅವನ ಹತ್ತಿರವಿದೆ, ಪ್ರದರ್ಶನಕ್ಕೆ ಇನ್ನೂ ತಿಂಗಳಿದೆ. ಚಿಕ್ಕವಳಿದ್ದಾಗ ದಾರದ ತುದಿಯನ್ನು ಗೋಡೆಗೆ ಒತ್ತಿ ಹಿಡಿಯುವುದಷ್ಟೇ ನನ್ನ ಕೆಲಸವಾಗಿತ್ತು. ಈ ಸಲ ಅದು ನಿಮ್ಮದು. ಮೀಟುವುದು ನಾನು.

ಹಳೆಯ ದಾರ ಮರೆಯದೆ ತನ್ನಿ.

ಇತಿ,
ನಿಮ್ಮ ಮಗಳು